ಕೊಪ್ಪ ಹೋಬಳಿಯ ಗ್ರೂಪ್ ಅಡ್ಮಿನ್‌ಗಳಿಗೆ ಒಂದು ಬಹಿರಂಗ ಪತ್ರ

ಕೊಪ್ಪ ಹೋಬಳಿಯ ಎಲ್ಲ ವಾಟ್ಸಾಪ್ ಗ್ರೂಪುಗಳ ಅಡ್ಮಿನ್‌ಗಳಿಗೆ,

ನಿಮ್ಮಲ್ಲಿ ಕೆಲವರು ನನ್ನ ಹತ್ತಿರ ವಿಜ್ಞಾನ ಪಾಠ ಕೇಳಿದವರು, ಕೆಲವರು ನನ್ನ ಕೈಲಿ ಏಟು ತಿಂದವರು, ಎರಡೂ ಆದವರೇ ಹೆಚ್ಚು. ಆ ಸಲಿಗೆಯಿಂದ ಬರೆಯುತ್ತಿದ್ದೇನೆ. ಡೇರಿ ಗ್ರೂಪು, ಕಬ್ಬು ಬೆಳೆಗಾರರ ಗ್ರೂಪು, ಮಾರಿಹಬ್ಬದ ಗ್ರೂಪು, ಸ್ತ್ರೀಶಕ್ತಿ ಸಂಘದ ಗ್ರೂಪು, ಹಳೇ ವಿದ್ಯಾರ್ಥಿಗಳ ಗ್ರೂಪು, ಕ್ರಿಕೆಟ್ ಟೀಮಿನ ಗ್ರೂಪು, ಆ ಟೀಮಿನಲ್ಲಿ ಜಗಳವಾಗಿ ಹುಟ್ಟಿದ ಇನ್ನೊಂದು ಗ್ರೂಪು. ಒಬ್ಬೊಬ್ಬರ ಫೋನಿನಲ್ಲಿ ಹತ್ತು ಹದಿನೈದು ಇವೆ. ಹಿಂದೆ ಊರಿಗೊಬ್ಬ ಯಜಮಾನ, ಒಂದು ಅರಳಿಕಟ್ಟೆ ಇರುತ್ತಿತ್ತು. ಈಗ ಕಟ್ಟೆಗಳು ಫೋನಿನೊಳಗೆ ಹೋಗಿವೆ, ಯಜಮಾನರು ನೀವಾಗಿದ್ದೀರಿ. ನಿಮಗೆ ಹಾಗೆ ಅನ್ನಿಸದೆ ಇರಬಹುದು. 'ಗ್ರೂಪ್ ಮಾಡ್ದೋನು ನಾನು, ಅಷ್ಟೇಯ' ಎನ್ನುತ್ತೀರಿ. ಆದರೆ 2020ರ ಬೇಸಿಗೆಯ ಒಂದು ಬೆಳಗಿನ ಕತೆ ಕೇಳಿ. ಮರೆತಿದ್ದರೆ ನೆನಪಿಸುತ್ತೇನೆ.

ಹಾಲು ಹಾಕುವ ಹೊತ್ತು. ಡೇರಿಯ ಮುಂದೆ ಸುಣ್ಣದಲ್ಲಿ ಎಳೆದ ರೌಂಡುಗಳೊಳಗೆ ಕ್ಯಾನು ಹಿಡಿದು ಜನ ನಿಂತಿದ್ದರು. ಮುಖಕ್ಕೆ ಟವೆಲ್ಲು, ಸೆರಗು. ಆಗ ನಾಲ್ಕೈದು ಫೋನು ಒಟ್ಟಿಗೆ ಟಿಣ್ ಎಂದವು. 'ಕೊಪ್ಪದಲ್ಲಿ ಮೂರು ಪಾಸಿಟಿವ್, ಊರು ಸೀಲ್‌ಡೌನ್.' ಹತ್ತು ನಿಮಿಷದಲ್ಲಿ ಡೇರಿ ಖಾಲಿ. ಅರ್ಧಕ್ಕರ್ಧ ಜನ ಹಾಲನ್ನು ಮನೆಗೆ ವಾಪಸ್ ಒಯ್ದು ಕಾಯಿಸಿ ಹೆಪ್ಪು ಹಾಕಿದರು. ಆ ವಾರ ನಮ್ಮ ಬೀದಿಯಲ್ಲಿ ಮಜ್ಜಿಗೆಗೆ ಬರವಿರಲಿಲ್ಲ. ಹತ್ತು ಗಂಟೆ ಹೊತ್ತಿಗೆ ಗೊತ್ತಾಯಿತು, ಮೆಸೇಜಿನಲ್ಲಿದ್ದದ್ದು ನಮ್ಮ ಕೊಪ್ಪ ಅಲ್ಲ, ಚಿಕ್ಕಮಗಳೂರಿನ ಕೊಪ್ಪ. ಮದ್ದೂರು ತಾಲ್ಲೂಕಿನಲ್ಲೂ ಒಂದು ಕೊಪ್ಪ ಇದೆ ಎಂದು ನಾವು ಹೊರಗಿನವರಿಗೆಲ್ಲ ಬಿಡಿಸಿ ಹೇಳುತ್ತೇವೆ. ಮಲೆನಾಡಿನಲ್ಲೂ ಒಂದಿದೆ ಎಂಬುದು ಅವತ್ತು ನಮಗೇ ಮರೆತುಹೋಗಿತ್ತು.

ನಗುವಂಥ ವಿಷಯವೇ. ನಾನೂ ನಕ್ಕೆ. ಆದರೆ ಆ ಎರಡು ಗಂಟೆಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಮೆಸೇಜು ಮೂರು ಪಾಸಿಟಿವ್ ಎಂದಿತ್ತಲ್ಲ, ಆ ಮೂವರು ಯಾರು ಎಂದು ಊರು ಹುಡುಕಿಕೊಂಡಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಮುಚ್ಚಿ ಮನೆಗೆ ಬಂದಿದ್ದ ಒಬ್ಬ ಹುಡುಗಿ, ತಮಿಳುನಾಡಿನ ಕಡೆಗೆ ಲೋಡು ಹೊಡೆಯುತ್ತಿದ್ದ ಒಬ್ಬ ಲಾರಿ ಡ್ರೈವರು, ಮೂರನೆಯವನು ಮೊದಲಿನಿಂದಲೂ ಕೆಮ್ಮುತ್ತಲೇ ಇದ್ದ ಒಬ್ಬ ಮುದುಕ. ಮೆಸೇಜು ಹಾಕಿದವನು ಅದನ್ನು ಅಳಿಸಿದ. 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬ ಒಂದು ಸಾಲು ಉಳಿಯಿತು. ಆ ಮೂವರ ಹೆಸರೂ ಉಳಿಯಿತು. ಡ್ರೈವರನ ಮನೆಗೆ ಮಕ್ಕಳು 'ಕೊರೊನಾ ಮನೆ' ಎನ್ನುವುದು ಮುಂದಿನ ಯುಗಾದಿಯವರೆಗೂ ನಿಲ್ಲಲಿಲ್ಲ. ಅವನ ಹೆಂಡತಿ ಡೇರಿಗೆ ಹಾಲು ತಂದರೆ ಹಿಂದಿನವರು ಎರಡು ರೌಂಡು ಬಿಟ್ಟು ನಿಲ್ಲುತ್ತಿದ್ದರು.

ಈ ಪತ್ರ ಬರೆಯಲು ಕಾರಣ ಅದೇ. ಅಳಿಸುವುದು ಬೇರೆ, ತಿದ್ದುವುದು ಬೇರೆ. ಸ್ಲೇಟಿನ ಮೇಲೆ ತಪ್ಪು ಲೆಕ್ಕ ಬರೆದವನು ಅದನ್ನು ಉಗುಳು ಹಚ್ಚಿ ಒರೆಸಿಬಿಟ್ಟರೆ ಲೆಕ್ಕ ಸರಿಯಾಯಿತೆಂದು ನಾನು ಯಾವತ್ತೂ ಮಾರ್ಕು ಕೊಟ್ಟಿಲ್ಲ.

ನಿಮ್ಮ ತಪ್ಪನ್ನೇ ಹೇಳುತ್ತಾ ಹೋದರೆ ನೀವು ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ನನ್ನದನ್ನು ಹೇಳುತ್ತೇನೆ.

2020ರ ಮಾರ್ಚಿನಲ್ಲಿ ಯುನಿಸೆಫ್ ಹೆಸರಿನಲ್ಲಿ ಒಂದು ಮೆಸೇಜು ಬಂತು, ನಿಮಗೆಲ್ಲ ಬಂದಿರಬೇಕು. ಕೊರೊನಾ ವೈರಸ್ಸು ಗಾತ್ರದಲ್ಲಿ ದೊಡ್ಡದು, 400ರಿಂದ 500 ಮೈಕ್ರಾನು, ಹಾಗಾಗಿ ಗಾಳಿಯಲ್ಲಿ ನಿಲ್ಲದೆ ನೆಲಕ್ಕೆ ಬೀಳುತ್ತದೆ. 26-27 ಡಿಗ್ರಿ ಶಾಖಕ್ಕೆ ಸಾಯುತ್ತದೆ. ಬಿಸಿನೀರು ಕುಡಿಯಿರಿ, ಬಿಸಿಲಿಗೆ ಮೈಯೊಡ್ಡಿ, ಐಸ್‌ಕ್ರೀಂ ಬಿಡಿ. ಓದಿದಾಗ ನನಗೆ ಬಹಳ ಖುಷಿಯಾಯಿತು, ಯಾಕೆಂದರೆ ಮಂಡ್ಯದ ಬಿಸಿಲು ಆಗಲೇ ಮೂವತ್ತು ದಾಟಿತ್ತು. ನಮ್ಮ ಜಿಲ್ಲೆಗೆ ಏನೂ ಆಗುವುದಿಲ್ಲ ಅನ್ನಿಸಿತು. ಆಗ ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆಗೆ ಹೋಗುತ್ತಿರಲಿಲ್ಲವಲ್ಲ, ಅದಕ್ಕೆ ಮೊದಲು ಐದು ಗ್ರೂಪಿಗೆ, ಆಮೇಲೆ ಎರಡು ಗ್ರೂಪಿಗೆ, ಒಟ್ಟು ಏಳಕ್ಕೆ ಹಾಕಿದೆ. ಕೆಳಗೆ 'ಎಲ್ಲರೂ ತಪ್ಪದೆ ಓದಿ' ಎಂದು ನನ್ನ ಕಡೆಯಿಂದ ಒಂದು ಸಾಲು ಸೇರಿಸಿದೆ.

ಅರ್ಧ ಗಂಟೆಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಫೋನು ಮಾಡಿದರು. 'ಸಾರ್, 400 ಮೈಕ್ರಾನ್ ಅಂದ್ರೆ ಎಷ್ಟು?' ಎಂದಷ್ಟೇ ಕೇಳಿದರು. ನನಗೆ ಬೆವರು ಬಂತು. ಅರ್ಧ ಮಿಲಿಮೀಟರಿಗೆ ಹತ್ತಿರ. ಮದ್ದೂರು ವಡೆಗೆ ಹಾಕುತ್ತೇವಲ್ಲ, ಆ ಚಿರೋಟಿ ರವೆಯ ಕಾಳಿನಷ್ಟು. ಅಷ್ಟು ದೊಡ್ಡದಾಗಿದ್ದರೆ ಆ ವೈರಸ್ಸನ್ನು ಮೊರದಲ್ಲಿ ಕೇರಿ ಹೊರಗೆ ಹಾಕಬಹುದಿತ್ತು. ನಿಜವಾದ ಗಾತ್ರ ಹೆಚ್ಚುಕಡಿಮೆ 0.1 ಮೈಕ್ರಾನು. ನಾಲ್ಕು ಸಾವಿರ ಪಟ್ಟು ವ್ಯತ್ಯಾಸ. ಇನ್ನು ಶಾಖದ ಮಾತು. ನಮ್ಮ ಮೈಯೇ 37 ಡಿಗ್ರಿ ಬಿಸಿ ಇರುತ್ತದೆ. 27ಕ್ಕೆ ಸಾಯುವ ವೈರಸ್ಸು ಮನುಷ್ಯನ ಮೈಯಲ್ಲಿ ಹೇಗೆ ಬದುಕಬೇಕು? ಎಂಟನೇ ಕ್ಲಾಸಿನ ಹುಡುಗ ಹಿಡಿಯಬಹುದಾದ ತಪ್ಪು. ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನು ಹಿಡಿಯಲಿಲ್ಲ. ಯಾಕೆಂದರೆ ಅದು ನನಗೆ ಬೇಕಾದ ಸುದ್ದಿಯಾಗಿತ್ತು. ಬೇಕಾದ ಸುದ್ದಿಗೆ ನಾವು ಲೆಕ್ಕ ಹಾಕುವುದಿಲ್ಲ. ಆ ಮೆಸೇಜು ತನ್ನದಲ್ಲವೆಂದು ಯುನಿಸೆಫ್ ಸಂಸ್ಥೆ ಅದೇ ತಿಂಗಳು ಹೇಳಿತು.

ನಾನೂ ನಿಮ್ಮ ಹಾಗೆಯೇ ಮಾಡಿದೆ. ಏಳೂ ಗ್ರೂಪಿಗೆ ಹೋಗಿ ಅಳಿಸಿದೆ. ಏನೂ ಬರೆಯಲಿಲ್ಲ. ಮೇಷ್ಟ್ರು ತಪ್ಪು ಮಾಡಿದರು ಅನ್ನಿಸಿಕೊಳ್ಳಲು ಮನಸ್ಸಿರಲಿಲ್ಲ. ಎರಡು ತಿಂಗಳ ಮೇಲೆ ನಮ್ಮ ಗದ್ದೆಯ ಪಕ್ಕದ ಹೊಲದಲ್ಲಿ ಕಬ್ಬು ಕಡಿಯುವ ತಂಡ ಬಂದಿತ್ತು. ಯಾರ ಮುಖದಲ್ಲೂ ಬಟ್ಟೆಯಿಲ್ಲ. ತಂಡದ ಮೇಸ್ತ್ರಿಯನ್ನು ಕೇಳಿದೆ. ಅವನು ನಗುತ್ತಾ, 'ಬಿಸ್ಲಲ್ಲಿ ಇದು ಸತ್ತೋಯ್ತದಂತೆ ಕನ್ ಸಾರ್. ಇಸ್ಕೂಲ್ ಮೇಷ್ಟ್ರೊಬ್ರು ಹಾಕವ್ರೆ, ಡಾಕ್ಟ್ರುಗಳೆಲ್ಲ ಒಪ್ಪವ್ರೆ' ಎಂದ. ಆ ಮೇಷ್ಟ್ರು ನಾನೇ ಎಂದು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ನನ್ನ ಕೈಬಿಟ್ಟು ಹೋದ ಮಾತು ಎರಡು ತಿಂಗಳಲ್ಲಿ ಡಾಕ್ಟರರ ಒಪ್ಪಿಗೆಯನ್ನೂ ಸಂಪಾದಿಸಿಕೊಂಡು ಗದ್ದೆ ಬದುವಿನ ಮೇಲೆ ನನ್ನೆದುರಿಗೇ ಬಂದು ನಿಂತಿತ್ತು.

ಇದು ವಾಟ್ಸಾಪಿನಿಂದ ಶುರುವಾದ ರೋಗವೇನಲ್ಲ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದು ಮೈಸೂರು ಸೀಮೆಗೆ ಹರಡಿದಾಗ, ಆಸ್ಪತ್ರೆಗೆ ಒಯ್ದವರನ್ನು ಅಲ್ಲಿ ಮದ್ದು ಕೊಟ್ಟು ಮುಗಿಸುತ್ತಾರೆ ಎಂಬ ಪುಕಾರು ದೇಶದ ತುಂಬಾ ಇತ್ತು. ಮನೆಗೆ ನುಗ್ಗಿ ರೋಗಿಗಳನ್ನು ಹುಡುಕುವುದು, ಕ್ಯಾಂಪಿಗೆ ಸಾಗಿಸುವುದು, ಇದೆಲ್ಲ ಸೇರಿ ಅದೇ ವರ್ಷ ಶ್ರೀರಂಗಪಟ್ಟಣದ ಕಡೆ ಜನ ದಂಗೆಯೇ ಎದ್ದರು. ಇವತ್ತು ಅದು ನಮ್ಮದೇ ಜಿಲ್ಲೆ. ನಮ್ಮ ಹಳ್ಳಿಗಳಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡ್ಲು ಹಾಕಿಕೊಂಡ ಕತೆಯನ್ನು ಅಜ್ಜಿಯರು ಹೇಳುತ್ತಿದ್ದರು. ಸುಳ್ಳು ಸುದ್ದಿಯಲ್ಲಿ ಯಾವಾಗಲೂ ಒಂದು ಚೂರು ನಿಜ ಇರುತ್ತದೆ. ಕ್ಯಾಂಪಿನ ಕಷ್ಟ ನಿಜ, ಸರ್ಕಾರದ ಜಬರ್ದಸ್ತಿ ನಿಜ. ಆ ಚೂರಿನ ಮೇಲೆ ಉಳಿದ ಸುಳ್ಳೆಲ್ಲ ಬಳ್ಳಿಯ ಹಾಗೆ ಹಬ್ಬುತ್ತದೆ.

ಇದೇ ಮೈಸೂರು ಸೀಮೆಗೆ ಇನ್ನೊಂದು ಮುಖವೂ ಇತ್ತು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಗಾರ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಅದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಾಜಮ್ಮಣ್ಣಿ ಸೆರಗು ಸರಿಸಿ ತೋಳು ತೋರುತ್ತಿದ್ದಾಳೆ. ಸಿಡುಬಿನ ದಾಕು ಹಾಕಿಸಿಕೊಂಡ ಜಾಗವನ್ನು ತೋರಿಸುತ್ತಿರುವುದು ಎಂದು ಇತಿಹಾಸಕಾರರು ಆ ಚಿತ್ರವನ್ನು ಓದುತ್ತಾರೆ. ಜನರ ಹೆದರಿಕೆ ಬಿಡಿಸಲು ರಾಣಿ ತೋಳು ತೋರಿಸಬೇಕಾಯಿತು. ಈ ತೋಳಿನ ಮಾತಿಗೆ ಮತ್ತೆ ಬರುತ್ತೇನೆ.

ಕೊರೊನಾ ಕಾಲದ ಮೊದಲ ಪೆಟ್ಟು ತಿಂದದ್ದು ಕೋಳಿ. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂದು 2020ರ ಫೆಬ್ರವರಿಯಿಂದಲೇ ವಿಡಿಯೋಗಳು ಓಡಾಡಿದವು. ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಕಾಣಿಸಿತು. ಅದು ಬೇರೆ ರೋಗ, ಆದರೆ ಕೇಳುವವರು ಯಾರು? ಮುದ್ದೆ ಕೋಳಿಸಾರಿನ ನಾಡಿನಲ್ಲಿ ಕೋಳಿಯನ್ನು ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲ, ಕುರಿ ಮಾಂಸದ ಬೆಲೆ ಮಾತ್ರ ಮುಗಿಲಿಗೆ. ಗೋಕಾಕದ ಹತ್ತಿರ ಒಬ್ಬ ಸಾಕಣೆದಾರ ಗುಂಡಿ ತೋಡಿ ಸಾವಿರಾರು ಕೋಳಿಗಳನ್ನು ಜೀವಂತ ಹೂಳಿದ. ಆ ವಿಡಿಯೋವನ್ನು ನಮ್ಮ ಗ್ರೂಪುಗಳಲ್ಲಿ ನೋಡಿದವರು 'ನೋಡ್ರಪ್ಪ, ರೋಗ ಇಲ್ದೆ ಹೂಳ್ತಾರಾ' ಎಂದರು. ಸುಳ್ಳಿನಿಂದ ಆದ ಅನಾಹುತವೇ ಆ ಸುಳ್ಳಿಗೆ ಸಾಕ್ಷಿಯಾಯಿತು. ಇದಕ್ಕಿಂತ ಚಂದದ ಬಲೆ ಯಾವ ಬೇಟೆಗಾರನಿಗೂ ಹೆಣೆಯಲು ಬರುವುದಿಲ್ಲ.

ಆಮೇಲೆ ಮನುಷ್ಯರ ಸರದಿ. ಏಪ್ರಿಲಿನಲ್ಲಿ ಜಿಲ್ಲೆಯ ಮೊದಲ ಪ್ರಕರಣಗಳು ಮಳವಳ್ಳಿಯಲ್ಲಿ ಕಂಡವು. ದೆಹಲಿಯ ತಬ್ಲೀಗ್ ಸಭೆಯ ಸುದ್ದಿ ಟಿವಿಯಲ್ಲಿ ಹಗಲೂ ರಾತ್ರಿ. ಹಣ್ಣಿಗೆ ಎಂಜಲು ಹಚ್ಚಿ ಮಾರುವ ಮುದುಕನ ವಿಡಿಯೋ ಬಂತು. ಅದು ಮಧ್ಯಪ್ರದೇಶದ ರಾಯ್‌ಸೇನ್‌ನದು, ಲಾಕ್‌ಡೌನಿಗೂ ಮೊದಲು, ಫೆಬ್ರವರಿಯಲ್ಲಿ ತೆಗೆದದ್ದು ಎಂದು ಆಮೇಲೆ ಗೊತ್ತಾಯಿತು. ಅಷ್ಟರೊಳಗೆ ಇಪ್ಪತ್ತು ವರ್ಷದಿಂದ ನಮ್ಮ ಊರುಗಳಿಗೆ ಗಾಡಿ ತಳ್ಳಿಕೊಂಡು ಬರುತ್ತಿದ್ದ ಬಾಳೆಹಣ್ಣಿನ ಸಾಬರನ್ನು ಊರಬಾಗಿಲಲ್ಲೇ ತಡೆದು ಕಳಿಸಿದ್ದರು. ಒಂದು ಸಮುದಾಯವನ್ನು ದೂರಿದರೆ ಸುಮ್ಮನಿರುವುದಿಲ್ಲ ಎಂದು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಟಿವಿಯಲ್ಲಿ ಹೇಳಬೇಕಾಯಿತು. ಆ ಹೇಳಿಕೆ ಎಷ್ಟು ಗ್ರೂಪಿಗೆ ಬಂತು? ನನ್ನ ಹದಿನಾಲ್ಕು ಗ್ರೂಪುಗಳಲ್ಲಿ ಒಂದಕ್ಕೆ. ಮೇ ತಿಂಗಳಲ್ಲಿ ಮುಂಬೈಯಿಂದ ಕೆ.ಆರ್. ಪೇಟೆ, ನಾಗಮಂಗಲದ ಕಡೆಗೆ ಮರಳಿದವರಲ್ಲಿ ಸೋಂಕು ಹೆಚ್ಚಾದಾಗ ಬೈಗುಳ ಅತ್ತ ತಿರುಗಿತು. ಅವರೆಲ್ಲ ನಮ್ಮವರೇ, ನಮ್ಮ ಬೀಗರೇ. ಆದರೂ ತಿರುಗಿತು. ಭಯಕ್ಕೆ ಒಂದು ಮುಖ ಬೇಕಿತ್ತು, ಅಷ್ಟೇ.

ಓದಿದವರು ಬೇರೆಯೇನೂ ಇರಲಿಲ್ಲ. ಮಂಡ್ಯದ ಅಂಬೇಡ್ಕರ್ ಭವನದಲ್ಲಿ ಪತ್ರಕರ್ತರಿಗೆ ಕೋವಿಡ್ ಪರೀಕ್ಷೆ ನಡೆದಾಗ, ಜನ ವಾಸವಿರುವ ಕಡೆ ಪರೀಕ್ಷೆ ಮಾಡಬೇಡಿ ಎಂದು ವಿಧಾನ ಪರಿಷತ್ ಸದಸ್ಯರೊಬ್ಬರೇ ಜಗಳಕ್ಕೆ ನಿಂತರು, ಪೊಲೀಸ್ ಕೇಸೂ ಆಯಿತು. ಅದಕ್ಕೇ ಹಳ್ಳಿಗರ ಅಜ್ಞಾನ ಎಂದು ಯಾರಾದರೂ ಬರೆದರೆ ನನಗೆ ಸಿಟ್ಟು ಬರುತ್ತದೆ.

2021ರ ಏಪ್ರಿಲ್, ಮೇ ತಿಂಗಳಿನ ಮಾತೇ ಬೇರೆ. ಆಗ ಸುಳ್ಳು ಕೊಲ್ಲುವಷ್ಟು ಹತ್ತಿರ ಬಂದಿತ್ತು. ಮೂಗಿಗೆ ಎರಡು ಹನಿ ನಿಂಬೆರಸ ಬಿಟ್ಟುಕೊಂಡರೆ ಆಕ್ಸಿಜನ್ ಏರುತ್ತದೆ ಎಂದು ನಾಡಿನ ದೊಡ್ಡ ಉದ್ಯಮಿಯೊಬ್ಬರು ಕ್ಯಾಮೆರಾದ ಮುಂದೆ ಹೇಳಿದರು. ಸಿಂಧನೂರಿನಲ್ಲಿ ಒಬ್ಬ ಶಿಕ್ಷಕರು ಹಾಗೆ ಮಾಡಿಕೊಂಡ ಮೇಲೆ ಅಸ್ವಸ್ಥರಾಗಿ ತೀರಿಕೊಂಡರೆಂದು ಪತ್ರಿಕೆಗಳಲ್ಲಿ ಬಂತು. ನಮ್ಮಲ್ಲೂ ನಿಂಬೆಹಣ್ಣು ಹಿಂಡಿದವರಿದ್ದರು. ಅಮೃತಬಳ್ಳಿ ಕಷಾಯವನ್ನು ಮೂರು ಹೊತ್ತೂ ತಿಂಗಳುಗಟ್ಟಲೆ ಕುಡಿದು ಬಾಯಿ ಹುಣ್ಣು ಮಾಡಿಕೊಂಡವರಿದ್ದರು. ಅಮೃತಬಳ್ಳಿ ಸೇವಿಸಿ ಪಿತ್ತಜನಕಾಂಗ ಕೆಟ್ಟ ಆರು ಮಂದಿಯ ವಿವರವನ್ನು ಮುಂಬೈಯ ವೈದ್ಯರು ಅದೇ ವರ್ಷ ಪ್ರಕಟಿಸಿದರು, ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಜಗಳ ಏನೇ ಇರಲಿ, ಮನೆಮದ್ದಿಗೂ ಒಂದು ಅಳತೆ ಇರುತ್ತದೆಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಶುಂಠಿ ಮೆಣಸಿನ ಕಷಾಯ ಗಂಟಲಿಗೆ ಹಿತ. ಅದನ್ನು ಕುಡಿದು ಮಲಗಿ ಎಂದರೆ ಸರಿ. ಅದನ್ನು ಕುಡಿದರೆ ಆಸ್ಪತ್ರೆ ಬೇಡ ಎಂದರೆ ಅಲ್ಲಿಗೆ ಮದ್ದು ವಿಷವಾಯಿತು. ಆ ಮೇ ತಿಂಗಳಲ್ಲಿ ಈರುಳ್ಳಿಯ ಮೇಲಿನ ಕಪ್ಪುಪುಡಿಯಿಂದ, ಫ್ರಿಜ್ಜಿನ ರಬ್ಬರಿನಿಂದ ಬ್ಲ್ಯಾಕ್ ಫಂಗಸ್ ಬರುತ್ತದೆಂದು ಇನ್ನೊಂದು ಮೆಸೇಜು. ಸಕ್ಕರೆ ಕಾಯಿಲೆ ಇದ್ದವರು ಸ್ಟೀರಾಯ್ಡ್ ಮಾತ್ರೆಯನ್ನು ಲೆಕ್ಕವಿಲ್ಲದೆ ನುಂಗಿದ್ದೇ ದೊಡ್ಡ ಕಾರಣ ಎಂದು ಹೇಳಿದರೆ ಕೇಳುವವರಿಲ್ಲ. ಈರುಳ್ಳಿಯನ್ನು ಬೈಯುವುದು ಸುಲಭ.

ಆಸ್ಪತ್ರೆಗೆ ಹೋದರೆ ಹೆಣವಾಗಿ ಬರುತ್ತಾರೆ, ಕಿಡ್ನಿ ತೆಗೆಯುತ್ತಾರೆ ಎಂಬ ಮಾತೂ ಆಗಿನದೇ. ಮೇ 2ರ ರಾತ್ರಿ ಪಕ್ಕದ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯಾಗಿ, ಒಂದು ದಿನದೊಳಗೆ 24 ಮಂದಿ ತೀರಿಕೊಂಡ ಸುದ್ದಿ ಬಂತು. ಅದು ಸುಳ್ಳಲ್ಲ, ನಿಜ. ನಮ್ಮವರು ನಂಬದಿದ್ದುದಕ್ಕೆ ಸರ್ಕಾರವೂ ಕಾರಣ ಎಂಬುದನ್ನು ಬಿಟ್ಟು ನಿಮ್ಮೊಬ್ಬರನ್ನೇ ದೂರಿದರೆ ಅನ್ಯಾಯವಾಗುತ್ತದೆ. ಆದರೆ ಅದಕ್ಕೂ ಮೊದಲು ನಮ್ಮ ಜಿಲ್ಲೆಯಲ್ಲೇ ಇನ್ನೊಂದು ನಿಜವೂ ನಡೆದಿತ್ತು. ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕೆರೆ ಕಾಮೇಗೌಡರು, ಕುರಿ ಕಾಯುತ್ತಾ ಬೆಟ್ಟದ ಮೇಲೆ ಕಟ್ಟೆ ಕಟ್ಟಿಸಿದವರು, ಎಂಬತ್ತು ದಾಟಿದ ಮೇಲೆ 2020ರ ಜುಲೈನಲ್ಲಿ ಕೊರೊನಾ ತಗುಲಿ ಆಸ್ಪತ್ರೆ ಸೇರಿದರು. ಗುಣವಾಗಿ ಮನೆಗೆ ಬಂದರು. ಅವರು ತೀರಿಕೊಂಡದ್ದು 2022ರಲ್ಲಿ. ಅವರಿಗೆ ಪಾಸಿಟಿವ್ ಬಂದ ಸುದ್ದಿ ನನಗೆ ಹನ್ನೊಂದು ಸಲ ಬಂತು. ಮನೆಗೆ ಬಂದ ಸುದ್ದಿ ಬಂದದ್ದು ಒಂದು ಸಲ.

ಈಗ ತೋಳಿನ ಮಾತು. ಲಸಿಕೆ 2021ರ ಜನವರಿ 16ಕ್ಕೆ ಶುರುವಾಗಿ, ಏಪ್ರಿಲಿನಲ್ಲಿ 45 ದಾಟಿದವರಿಗೆಲ್ಲ ಬಂತು. ಮೇ ತಿಂಗಳ ಕೊನೆಗೆ ಒಂದು ಮೆಸೇಜು. ನೊಬೆಲ್ ಬಹುಮಾನ ಪಡೆದ ಫ್ರಾನ್ಸಿನ ವಿಜ್ಞಾನಿ ಲುಕ್ ಮೊಂತಾನ್ಯೆ ಹೇಳಿದ್ದಾರೆ, ಲಸಿಕೆ ತೆಗೆದುಕೊಂಡವರೆಲ್ಲ ಎರಡೇ ವರ್ಷದಲ್ಲಿ ಸಾಯುತ್ತಾರೆ. ಆತ ಲಸಿಕೆಯ ವಿರುದ್ಧ ಮಾತಾಡಿದ್ದು ಹೌದು, ಈ ಎರಡು ವರ್ಷದ ಮಾತನ್ನು ಆಡಿರಲಿಲ್ಲ. ನಮ್ಮ ಬೀದಿಯ ಆಶಾ ಕಾರ್ಯಕರ್ತೆ, ಆಕೆಯೂ ನನ್ನ ಶಿಷ್ಯೆ, ಬಿಸಿಲಲ್ಲಿ ಪಟ್ಟಿ ಹಿಡಿದು ಮನೆ ಮನೆಗೆ ಬಂದಳು. ಅವಳು ಬೀದಿಗೆ ತಿರುಗಿದ್ದೇ ಎದುರುಮನೆಯವರು ಬೀಗ ಜಡಿದು ಹಿತ್ತಿಲಿಂದ ಗದ್ದೆಗೆ ಹೋದರು. ಪಕ್ಕದ ಮನೆಯ ಅಜ್ಜಿ ಮಾತ್ರ ಜಗುಲಿಯಲ್ಲೇ ಇತ್ತು, ಓಡಲು ಕಾಲಿರಲಿಲ್ಲ.

'ನಂಗ್ ಬ್ಯಾಡ ಕವ್ವ. ಎಲ್ಡ್ ವರ್ಸುಕ್ ಸಾಯ್ತಾರಂತೆ.'

'ಅಜ್ಜೀ, ನಿಂಗೀಗ ಎಷ್ಟಾಯ್ತು?'

'ಎಂಬತ್ತೋ ಏನೋ.'

'ನಂಗೆ ಮೂವತ್ತಾರು. ಇಬ್ರು ಮಕ್ಳವ್ರೆ. ನಾನು ಹಾಕ್ಸ್ಕಂಡು ಮೂರು ತಿಂಗ್ಳಾಯ್ತು ನೋಡು' ಎಂದು ಗುಲಾಬಿ ಸೀರೆಯ ಸೆರಗು ಸರಿಸಿ ರವಿಕೆಯ ತೋಳು ಮೇಲಕ್ಕೆ ಎಳೆದು ತೋರಿಸಿದಳು. ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಕೋವಿಡ್ ಲಸಿಕೆ ಸಿಡುಬಿನ ದಾಕಿನ ಹಾಗೆ ಕಲೆ ಬಿಡುವುದಿಲ್ಲ. ಅಜ್ಜಿ ಆದರೂ ಬಗ್ಗಿ ನೋಡಿತು, ಬೆರಳಲ್ಲಿ ಸವರಿತು. ಮಾರನೇ ದಿನ ಆಟೋ ಹತ್ತಿತು.

ತಿಂಗಳಿಗೆ ನಾಲ್ಕು ಕಾಸು ಗೌರವಧನ, ಅದನ್ನು 12,000 ರೂಪಾಯಿ ಮಾಡಿ ಎಂದು 2020ರ ಜುಲೈನಲ್ಲಿ ರಾಜ್ಯದ ಆಶಾಗಳು ಮುಷ್ಕರ ಕೂತಿದ್ದರು. ಅಂಥವಳು ನೀವೂ ನಾನೂ ಬೆರಳ ತುದಿಯಲ್ಲಿ ಕಳಿಸಿದ್ದನ್ನು ತನ್ನ ಕಾಲಲ್ಲಿ ನಡೆದು, ಒಂದೊಂದು ಜಗುಲಿಯಲ್ಲೂ ಕುಳಿತು ಬಿಡಿಸಬೇಕಾಯಿತು. ಕಳಿಸಲು ಒಂದು ಸೆಕೆಂಡು. ಬಿಡಿಸಲು ಒಂದೊಂದು ಮನೆಗೆ ಅರ್ಧ ದಿನ. ಕೆಲವು ಮನೆಗಳಲ್ಲಿ ಅವಳ ಮೇಲೆ ನಾಯಿ ಬಿಟ್ಟರು. ಇದನ್ನು ಯಾರೂ ಗ್ರೂಪಿಗೆ ಹಾಕಲಿಲ್ಲ.

ಆ ಎರಡು ವರ್ಷ 2023ರ ಮೇ ತಿಂಗಳಿಗೆ ಮುಗಿಯಿತು. ಅಜ್ಜಿ ಈಗಲೂ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದೆ. ಅವತ್ತು ಆ ಮೆಸೇಜು ಕಳಿಸಿದ ಯಾರಾದರೂ ಬಂದು 'ಎರಡು ವರ್ಷ ಆಯ್ತು, ನೀವೆಲ್ಲ ಬದುಕಿದ್ದೀರಿ, ನಾನು ಹಾಕಿದ್ದು ಸುಳ್ಳಾಗಿತ್ತು' ಎಂದು ಬರೆದರೇ? ನನಗಂತೂ ಕಾಣಲಿಲ್ಲ.

ಬರೆಯದೆ ಬಿಟ್ಟದ್ದರ ಫಲ 2025ರಲ್ಲಿ ಸಿಕ್ಕಿತು. ಹಾಸನ ಜಿಲ್ಲೆಯಲ್ಲಿ ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ, ಅದರಲ್ಲೂ ಚಿಕ್ಕ ವಯಸ್ಸಿನವರು, ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಬಂದದ್ದೇ ಹಳೆಯ ಮೆಸೇಜುಗಳೆಲ್ಲ ಮಳೆ ಬಿದ್ದಾಗ ಕಳೆ ಎದ್ದಂತೆ ಎದ್ದವು. ನಟ ಪುನೀತ್ ತೀರಿಕೊಂಡಾಗ ಓಡಾಡಿದ್ದೇ ಮತ್ತೆ ಬಂತು. ಜುಲೈ ಮೊದಲ ವಾರ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ, ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟದ್ದೂ ಕಾರಣವಿರಬಹುದು ಎಂದುಬಿಟ್ಟರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವಕ್ಕೇ ಕ್ಯೂ. ನಮ್ಮ ಕಡೆಯಿಂದಲೂ ಹೋದರು. ಎದೆ ನೋವಿರುವವನು ಹಿಂದೆ, ವಾಟ್ಸಾಪು ನೋಡಿ ಎದೆ ಬಡಿದುಕೊಂಡವನು ಮುಂದೆ. ಜಯದೇವ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಪರಿಶೀಲಿಸಿ, ಚಿಕ್ಕ ವಯಸ್ಸಿನ ಹೃದಯದ ಕಾಯಿಲೆಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಎಂದು ಹೇಳಿತು. ಐಸಿಎಂಆರ್ 2023ರಲ್ಲೇ 47 ಆಸ್ಪತ್ರೆಗಳ ಮೂಲಕ 18ರಿಂದ 45 ವಯಸ್ಸಿನ 729 ಹಠಾತ್ ಸಾವುಗಳನ್ನು ಜಾಲಾಡಿತ್ತು. ಎರಡು ಡೋಸ್ ಪಡೆದವರಲ್ಲಿ ಅಂಥ ಸಾವಿನ ಅಪಾಯ ಕಡಿಮೆಯೇ ಇತ್ತು. ಮನೆಯಲ್ಲಿ ಹಿಂದೆ ಹಾಗೆ ಸತ್ತವರಿದ್ದರೆ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದರೆ, ವಿಪರೀತ ಕುಡಿತವಿದ್ದರೆ ಅಪಾಯ ಹೆಚ್ಚು ಎಂದಿತು. ಕುಡಿತದ ಸಾಲನ್ನು ಮಾತ್ರ ನಮ್ಮ ಯಾವ ಗ್ರೂಪೂ ಫಾರ್ವರ್ಡ್ ಮಾಡಲಿಲ್ಲ.

ಲಸಿಕೆಗೆ ಅಡ್ಡಪರಿಣಾಮವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಬಹಳ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವುದುಂಟು ಎಂದು ಯುರೋಪಿನ ಔಷಧ ಸಂಸ್ಥೆ 2021ರ ಏಪ್ರಿಲಿನಲ್ಲೇ ಹೇಳಿತ್ತು. ಅದನ್ನು ಅಷ್ಟಕ್ಕಷ್ಟೇ ಹೇಳುವುದು ನಿಜ. 'ಎಲ್ಲರೂ ಸಾಯ್ತಾರೆ' ಎನ್ನುವುದು ಬೇರೆ ಕಸುಬು.

ಇನ್ನು ನಿಮ್ಮ ಹೆದರಿಕೆಯ ಮಾತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ಪುಕಾರಿಗೆ ಹೈದರಾಬಾದಿನ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಬಂಧಿತರಲ್ಲಿ ಗ್ರೂಪ್ ಅಡ್ಮಿನ್ ಕೂಡ ಇದ್ದ. ಅಂದಿನಿಂದ ಅಡ್ಮಿನ್ ಅಂದರೆ ಜೈಲು ಎಂದುಕೊಂಡಿದ್ದೀರಿ. ಸದಸ್ಯ ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟು 2022ರಲ್ಲಿ ಹೇಳಿದೆ. ಹಾಗಂತ ಕಾನೂನು ಕಣ್ಣು ಮುಚ್ಚಿಲ್ಲ. ವಿಪತ್ತಿನ ಹೊತ್ತಿನಲ್ಲಿ ಸುಳ್ಳು ಹೇಳಿ ಜನರನ್ನು ಹೆದರಿಸಿದವನಿಗೆ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಸಜೆ ಇದೆ. ನನಗೆ ಪೊಲೀಸರನ್ನು ತೋರಿಸಿ ಹೆದರಿಸುವ ಇಷ್ಟವಿಲ್ಲ. ಪೊಲೀಸರ ಭಯಕ್ಕೆ ನೀವು ಮಾಡುವ ಮೊದಲ ಕೆಲಸವೇ ಡಿಲೀಟು. ನನಗೆ ಬೇಡವಾದದ್ದು ಅದೇ.

ನಾನು ಕೇಳುವುದು ಸಣ್ಣದು, ಆದರೆ ನಾಚಿಕೆಯಾಗುವಂಥದ್ದು. ತಪ್ಪು ಮೆಸೇಜು ಬಂದರೆ ಸುಮ್ಮನೆ ತೆಗೆಯಬೇಡಿ. ಅದನ್ನು ಅಲ್ಲೇ ಇಟ್ಟು, ಕೆಳಗೆ 'ಇದು ಸುಳ್ಳು, ನಿಜ ಹೀಗಿದೆ' ಎಂದು ಬರೆಯಿರಿ. ಹಾಕಿದವರಿಗೆ ಬೇರೆಯಾಗಿ ಫೋನು ಮಾಡಿ, 'ಅಣ್ಣಾ, ನೀವು ಇನ್ನೆಲ್ಲಿಗೆ ಕಳಿಸಿದ್ರಿ, ಅಲ್ಲಿಗೂ ಇದನ್ನ ಕಳ್ಸಿ' ಎನ್ನಿ. ಗ್ರೂಪಿನಲ್ಲಿ ಬೈಯಬೇಡಿ, ಬೈದರೆ ಹಠಕ್ಕೆ ಬೀಳುತ್ತಾರೆ. ಬಹಳಷ್ಟು ಜನ ಕೆಟ್ಟತನಕ್ಕೆ ಕಳಿಸುವುದಿಲ್ಲ, ಅಕ್ಕರೆಗೆ ಕಳಿಸುತ್ತಾರೆ, ನಾನು ಕಳಿಸಿದ ಹಾಗೆ. ಎರಡು ಬಾಣದ ಗುರುತಿರುವ ಮೆಸೇಜು ಹಲವು ಕೈ ದಾಟಿ ಬಂದದ್ದು, ಅದಕ್ಕೆ ಬರೆದವರ ಹೆಸರಿಲ್ಲ, ತಾರೀಖಿಲ್ಲ. ಊರಿನ ಹೆಸರಿದ್ದರೆ ಯಾವ ಕೊಪ್ಪ ಎಂದು ಕೇಳಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಗ್ರೂಪಿಗೆ ಸೇರಿಸಿ, ಆದರೆ ಅವಳನ್ನು ರಾತ್ರಿ ಹನ್ನೊಂದಕ್ಕೆ ಎಬ್ಬಿಸಬೇಡಿ. ಇನ್ನೊಂದು ರೋಗ ಬರುವವರೆಗೆ ಕಾಯಬೇಡಿ, ಡೆಂಗಿ ಪ್ರತಿ ಮಳೆಗಾಲಕ್ಕೂ ಬರುತ್ತದೆ. ಪಪ್ಪಾಯಿ ಎಲೆಯ ರಸ ಕುಡಿದರೆ ಆಸ್ಪತ್ರೆ ಬೇಡ ಎಂಬ ಮೆಸೇಜು ನಿಮ್ಮ ಫೋನಿನಲ್ಲಿ ಈಗಲೂ ಇರಬಹುದು, ನೋಡಿಕೊಳ್ಳಿ.

ಡ್ರೈವರನ ಮನೆಗೆ ಮೊನ್ನೆ ಹೋಗಿದ್ದೆ. ಕಾಫಿ ಕೊಟ್ಟರು. ಹಳೆಯದನ್ನು ನಾನು ಎತ್ತಿದಾಗ ಅವನ ಹೆಂಡತಿ, 'ಹೋಗ್ಲಿ ಬುಡಿ ಮೇಷ್ಟ್ರೇ. ಒಬ್ರಾದ್ರೂ ಬಂದು ಅದು ನಮ್ಮೂರಲ್ಲ ಅಂತ ಗ್ರೂಪಲ್ಲಿ ಒಂದ್ ಮಾತು ಬರ್ದಿದ್ರೆ ಸಾಕಿತ್ತು' ಎಂದಳು. ಆ ಮೆಸೇಜು ಬಂದ ಗ್ರೂಪಿನ ಅಡ್ಮಿನ್ ಯಾರೆಂದು ನಿಮಗೆ ಗೊತ್ತು. ಅವರು ಇವತ್ತು ಬರೆದರೂ ತಡವಾಗಿಲ್ಲ.

ನನ್ನ ಲೆಕ್ಕ ಹೀಗಿದೆ. ಯುನಿಸೆಫ್ ಹೆಸರಿನ ಆ ಮೆಸೇಜನ್ನು ನಾನು ಹಾಕಿದ್ದು ಏಳು ಗ್ರೂಪಿಗೆ. ಇಷ್ಟು ವರ್ಷದ ಮೇಲೆ ಐದಕ್ಕೆ ಹೋಗಿ, ಅದು ಸುಳ್ಳಾಗಿತ್ತು, ಕಳಿಸಿದ್ದು ನಾನು, ಕ್ಷಮಿಸಿ ಎಂದು ಹೆಸರು ಹಾಕಿ ಬರೆದಿದ್ದೇನೆ. ಇಬ್ಬರು ನಕ್ಕರು, ಒಬ್ಬ ನಮಸ್ಕಾರದ ಚಿತ್ರ ಹಾಕಿದ. ಉಳಿದ ಎರಡು ಗ್ರೂಪಿನಿಂದ, ಯಾವುದೋ ಚುನಾವಣೆಯ ಜಗಳದಲ್ಲಿ, ನನ್ನನ್ನು ತೆಗೆದುಹಾಕಿದ್ದಾರೆ. ಅವುಗಳ ಅಡ್ಮಿನ್‌ಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ದಿನದ ಮಟ್ಟಿಗೆ ನನ್ನನ್ನು ಮತ್ತೆ ಸೇರಿಸಿ. ಎರಡು ಸಾಲು ಬರೆದು ನಾನೇ ಹೊರಗೆ ಹೋಗುತ್ತೇನೆ.

ಇಂತಿ,
ನಿಮ್ಮ ಹಳೇ ಮೇಷ್ಟ್ರು,
ಕೊಪ್ಪ, ಮದ್ದೂರು ತಾಲ್ಲೂಕು